ವಾಪಸ್ ಬಾರದ ಫೋಟೋ

ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರು ತಾಲೂಕಿನಲ್ಲಿ ಯಾರ ಮನೆ ಮದುವೆ ಹೇಗಾಯಿತು ಎಂದು ತಿಳಿಯಬೇಕಾದರೆ ಭೈರುಂಬೆಯ ಗೌರಕ್ಕನನ್ನು ಕೇಳಿದರೆ ಸಾಕಿತ್ತು. ಹಾಗಂತ ಆಕೆ ಎಲ್ಲ ಮದುವೆಗೂ ಹೋಗಿ ಉಂಡು ಬಂದವಳೇನಲ್ಲ. ಗಂಡ ತಿಮ್ಮಣ್ಣ ಭಟ್ಟರು ಮದುವೆ ಮನೆಗಳಿಗೆ ಅಡುಗೆಗೆ ಹೋಗುವವರು. ಮಗ ತುಷಾರ ಫೋಟೋ ತೆಗೆಯಲು ಹೋಗುವವನು. ಹಾಲು ಒಡೆದದ್ದು, ಬೀಗರು ಮುನಿಸಿಕೊಂಡದ್ದು, ಹೋಳಿಗೆ ಕಡಿಮೆ ಬಿದ್ದದ್ದು ಗಂಡನ ಬಾಯಿಂದ ಬಂದರೆ, ಉಳಿದದ್ದೆಲ್ಲ ಮಗನ ಕ್ಯಾಮೆರಾದೊಳಗೆ ಬರುತ್ತಿತ್ತು. ಊಟ ಒಂದಿಲ್ಲ, ಬಾಕಿಯೆಲ್ಲ ಮದುವೆ ಯಂಗಳ ಮನೆಯಲ್ಲೇ ಆಗ್ತು ಎಂದು ಅವಳೇ ನಗುತ್ತಿದ್ದಳು.

ತುಷಾರನ ಸ್ಟುಡಿಯೋ ಇದ್ದದ್ದು ಶಿರಸಿಯಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ. ಆದರೆ ಆಲ್ಬಮ್ಮಿನ ಕೆಲಸವೆಲ್ಲ ಮನೆಯಲ್ಲೇ, ಸಂಜೆ ಹೊತ್ತಿಗೆ. ಅವನು ಕಂಪ್ಯೂಟರಿನ ಮುಂದೆ ಕೂತನೆಂದರೆ ಗೌರಕ್ಕ ಸ್ಟೂಲು ಎಳೆದುಕೊಂಡು, ಮಡಿಲಲ್ಲಿ ಕಟ್ಟುವ ಹೂವನ್ನೋ ಬಿಡಿಸುವ ಅವರೆಯನ್ನೋ ಇಟ್ಟುಕೊಂಡು ಪಕ್ಕದಲ್ಲಿ ಕೂರುವಳು. ಫೋಟೋ ಆರಿಸುವುದರಲ್ಲಿ ಅವಳ ಕಣ್ಣು ಚುರುಕು.

"ಇದು ಬೇಡ, ಮದುಮಗ ಕಣ್ಣು ಮುಚ್ಚಿದ್ದ. ಇದೂ ಬೇಡ, ಅತ್ತೆ ಬಾಯಲ್ಲಿ ಎಲೆಯಡಿಕೆ ಕವಳ ಇದ್ದು. ಇದು ಚೊಲೋ ಇದ್ದು, ಅಪ್ಪನ ಕಣ್ಣಲ್ಲಿ ನೀರು ಬಂದಿದ್ದು ಕಾಣ್ತು."

ಹೀಗೆ ಹೇಳುತ್ತ ಹೇಳುತ್ತ ಮಧ್ಯೆ ಒಂದು ಕಡೆ ಅವಳ ಬೆರಳು ಹೂವಿನ ಮೇಲೆ ನಿಲ್ಲುತ್ತಿತ್ತು.

"ತಮಾ, ತಡಿ ತಡಿ. ಆ ಹಿಂದೆ ನಿಂತ ಕೂಸು ಯಾರದು? ಸ್ವಲ್ಪ ದೊಡ್ಡ ಮಾಡು."

ತುಷಾರ ದೊಡ್ಡ ಮಾಡುತ್ತಿದ್ದ. ಹಿಂದೆ ನಿಂತ ಹುಡುಗಿ ಮುಂದೆ ಬಂದು ಪರದೆ ತುಂಬ ನಿಲ್ಲುತ್ತಿದ್ದಳು. ಕಾಲಿಗೆ ಕಾಲುಂಗುರ ಇದೆಯೋ, ಕೊರಳಲ್ಲಿ ಕರಿಮಣಿ ಇದೆಯೋ ಗೌರಕ್ಕ ಬಗ್ಗಿ ನೋಡುವಳು. ಇದ್ದರೆ ಒಂದು ಉಸಿರು ಬಿಟ್ಟು ಮತ್ತೆ ಹೂವು ಕಟ್ಟುವಳು. ಮಗನಿಗೆ ಮೂವತ್ತೈದು ಹತ್ತಿರ ಬಂದಿತ್ತು. ಹೆಣ್ಣು ಹೆತ್ತವರ ಮನೆಗೆ ಜಾತಕಗಳು ಕಟ್ಟುಕಟ್ಟಾಗಿ ಬಂದು ಬೀಳುವ ಕಾಲ ಇದು. ಅಡುಗೆ ಭಟ್ಟರ ಮಗ, ಅದೂ ಫೋಟೋದವನು ಎಂದರೆ ಆ ಕಟ್ಟಿನಲ್ಲಿ ಅವನ ಜಾತಕ ಎಷ್ಟನೆಯದಾಗಿರುತ್ತದೆ ಎನ್ನುವುದು ಯಾರಿಗಾದರೂ ಗೊತ್ತಾಗುವ ವಿಷಯವೇ. ಅವಳ ಓರಗಿತ್ತಿಯೇ ಒಂದು ಶ್ರಾದ್ಧದ ಊಟದಲ್ಲಿ ಎಲ್ಲರೆದುರು ಹೇಳಿದ್ದಳು: "ಊರವರ ಮದುವೆಯೆಲ್ಲ ತುಷಾರನೇ ತೆಗೀತ. ಅವನ ಮದುವೆ ತೆಗೆಯಲೆ ಜನ ಸಿಕ್ಕಿದ್ವಿಲ್ಲೆ ಕಾಣ್ತು, ಅದಕ್ಕೇ ತಡ." ಎಲ್ಲರೂ ನಕ್ಕಿದ್ದರು. ಗೌರಕ್ಕನೂ ನಕ್ಕಿದ್ದಳು, ನಗದಿದ್ದರೆ ಇನ್ನೂ ಎರಡು ದಿನ ಅದೇ ಮಾತಾಗುತ್ತಿತ್ತು.

ಸಮೃದ್ಧಿ ಸಿಕ್ಕಿದ್ದೂ ಹೀಗೇ, ಕಂಪ್ಯೂಟರಿನೊಳಗೆ. ಯಲ್ಲಾಪುರದ ಒಂದು ಮದುವೆಯಲ್ಲಿ ಪಾನಕದ ತಟ್ಟೆ ಹಿಡಿದ ಹುಡುಗಿಯೊಬ್ಬಳು ಯಾರೋ ಕರೆದರೆಂದು ತಿರುಗಿ ನಕ್ಕಿದ್ದಳು. ಮದುಮಕ್ಕಳು ಆ ಚಿತ್ರದಲ್ಲಿ ಎಲ್ಲೂ ಇರಲಿಲ್ಲ.

"ಇದು ಆಲ್ಬಮ್ಮಿಗೆ ಬತ್ತಿಲ್ಯಲಾ. ಎಂತಕ್ಕೆ ತೆಗೆದೆ?" ಎಂದು ಗೌರಕ್ಕ ಕೇಳಿದಳು.

ತುಷಾರನ ಕಿವಿ ಕೆಂಪಾಯಿತು. ಅವಳು ದೊಡ್ಡ ಮಾಡು ಎಂದು ಹೇಳುವ ಮೊದಲೇ ಅವನು ದೊಡ್ಡ ಮಾಡಿದ್ದು ಅದೊಂದೇ ಸಲ.

ಸಾಕಲ್ಲ, ತಾಯಿಗೆ ಮತ್ತೇನು ಬೇಕು. ವಾರದೊಳಗೆ ವಿಚಾರಣೆ ಮುಗಿಯಿತು. ಮಂಚೀಕೇರಿ ಕಡೆಯ ಸೀತಾರಾಮ ಹೆಗಡೆಯವರ ಮಗಳು. ಅನುಕೂಲಸ್ಥರು, ತೂಕದ ಮನೆ. ಗೌರಕ್ಕ ಯಲ್ಲಾಪುರದಲ್ಲಿದ್ದ ನೆಂಟರೊಬ್ಬರ ಕೈಯಲ್ಲಿ ಜಾತಕ ಕಳಿಸಿದಳು. ಕಳಿಸುವಾಗ ಮಗನಿಗೆ ಹೇಳದೆ ಇನ್ನೊಂದು ಕೆಲಸ ಮಾಡಿದಳು. ತುಷಾರ ಆ ಚಿತ್ರದ ಒಂದು ಪ್ರತಿ ಹಾಕಿಸಿ ಡ್ರಾಯರಿನಲ್ಲಿ, ಹಳೇ ಬ್ಯಾಟರಿಗಳ ಕೆಳಗೆ ಇಟ್ಟುಕೊಂಡಿದ್ದ. ಅದನ್ನು ತೆಗೆದು ಜಾತಕದ ಜೊತೆ ಲಕೋಟೆಗೆ ಹಾಕಿದಳು. ನಮ್ಮ ಮಾಣಿಯ ಕೈ ಎಂಥದ್ದೆಂದು ಅವರೂ ನೋಡಲಿ, ಮಗಳು ಇಷ್ಟು ಚೆಂದ ಕಂಡದ್ದು ಯಾರ ಕಣ್ಣಿಗೆ ಎನ್ನುವುದು ಹುಡುಗಿಯ ತಾಯಿಗೂ ತಿಳಿಯಲಿ ಎಂದು ಅವಳ ಲೆಕ್ಕ. ಮುಂದೊಂದು ದಿನ ತುಷಾರ ಡ್ರಾಯರು ತಡಕಾಡಿದ್ದನ್ನು ಅವಳು ಒಲೆಯ ಮುಂದಿನಿಂದಲೇ ಕಂಡಳು. ಅವನೂ ಕೇಳಲಿಲ್ಲ, ಇವಳೂ ಹೇಳಲಿಲ್ಲ.

ತಿಂಗಳಾದ ಮೇಲೆ ಜಾತಕ ವಾಪಸ್ ಬಂತು. ಜಾತಕ ಕೂಡಿ ಬತ್ತಿಲ್ಲೆ ಹೇಳಿದ ಎಂದು ನೆಂಟರು ಫೋನು ಮಾಡಿದರು.

ಈ ಮಾತಿಗೆ ಈ ಸೀಮೆಯಲ್ಲಿ ಏನು ಅರ್ಥ ಎಂದು ಗೌರಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತನ್ನ ತಂಗಿಯ ಮಗಳಿಗೆ ಬಂದ, ಬೇಡವಾದ ಸಂಬಂಧಗಳಿಗೆ ಅವಳೇ ಕೂತು ಇದೇ ಮಾತು ಹೇಳಿ ಕಳಿಸಿದ್ದಳು. ಆದರೆ ಲಕೋಟೆ ಬಿಚ್ಚಿ ನೋಡಿದರೆ ಒಳಗೆ ಜಾತಕ ಮಾತ್ರ ಇತ್ತು. ಕೊಡವಿದಳು, ಬೆಳಕಿಗೆ ಹಿಡಿದಳು. ಫೋಟೋ ಇರಲಿಲ್ಲ.

ಇಲ್ಲೇ ಅವಳ ಬುದ್ಧಿ ದಾರಿ ತಪ್ಪಿತು ಅನ್ನಬೇಕು. ಮಾಣಿ ಬೇಡ ಎಂದಾಗಿದ್ದರೆ ಅವನು ತೆಗೆದ ಫೋಟೋವನ್ನು ಯಾಕೆ ಇಟ್ಟುಕೊಳ್ಳುತ್ತಿದ್ದರು? ಎರಡನ್ನೂ ಸೇರಿಸಿ ಮುಖಕ್ಕೆ ಎಸೆಯುತ್ತಿರಲಿಲ್ಲವೆ? ಅಂದಮೇಲೆ ಅವರಿಗೆ ಮನಸ್ಸಿದೆ. ಹುಡುಗಿಗೂ ಇರಬಹುದು. ಕೂಡದೇ ಇದ್ದದ್ದು ನಿಜವಾಗಿಯೂ ಜಾತಕವೇ. ಅವಳು ಅದನ್ನು ಹಿಡಿದುಕೊಂಡು ಜೋಯಿಸರ ಮನೆಗೆ ಹೋದಳು. ಎಂತದೂ ತೊಂದರೆ ಇಲ್ಲೆ ಎಂದು ಜೋಯಿಸರು ಮೊದಲು ಹೇಳಿದರು. ಸರಿಯಾಗಿ ನೋಡಿ ಎಂದು ಇವಳು ಪಟ್ಟು ಹಿಡಿದ ಮೇಲೆ, ಕುಜ ಒಂದು ಸ್ವಲ್ಪ ತರಲೆ ಮಾಡ್ತ ಕಾಣ್ತು ಎಂದರು.

ಅವತ್ತಿನಿಂದ ಮಂಗಳವಾರ ಗೌರಕ್ಕನಿಗೆ ಒಪ್ಪತ್ತು. ಮಧ್ಯಾಹ್ನ ಒಂದು ಊಟ, ಸಂಜೆ ಅನ್ನ ಮುಟ್ಟುವುದಿಲ್ಲ, ಒಂದು ಲೋಟ ಹಾಲು. ಹೀಗೆ ಎರಡು ವರ್ಷ ಕಳೆದಿತ್ತು.

"ಆಯಿ, ಅದೆಲ್ಲ ಸುಮ್ನೆ ಹೇಳುದು. ಜಾತಕ ಯಾರೂ ನೋಡ್ತ್ವಿಲ್ಲೆ," ಎಂದು ತುಷಾರ ಒಂದೆರಡು ಸಲ ಹೇಳಿ ನೋಡಿದ.

"ನಿಂಗೆ ಕ್ಯಾಮೆರಾದ್ದು ಗೊತ್ತಿದ್ದು. ಇದು ಗೊತ್ತಿಲ್ಲೆ. ಸುಮ್ನಿರು."

ಅಂಥದ್ದರಲ್ಲಿ ಮಾಘ ಮಾಸದ ಒಂದು ಸೋಮವಾರ ತುಷಾರ ಶಿರಸಿಯಿಂದ ಫೋನು ಮಾಡಿದ. ದನಿ ಒಂದು ನಮೂನೆಯಾಗಿತ್ತು.

"ಆಯಿ, ಮಂಚೀಕೇರಿ ಸೀತಾರಾಮ ಹೆಗಡೇರು ಫೋನು ಮಾಡಿದ್ದ. ನಾಳೆ ನಮ್ಮನೆಗೆ ಬತ್ವಡ."

ಗೌರಕ್ಕ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. "ಎಂತಕ್ಕೆ?"

"ಹೇಳಿದ್ವಿಲ್ಲೆ. ಸ್ವಲ್ಪ ಮಾತಾಡುದಿದ್ದು, ಸ್ಟುಡಿಯೋಕ್ಕೆ ಬೇಡ, ಮನೆಗೇ ಬತ್ಯ ಅಂದ. ಅಪ್ಪ ಆಯಿ ಇರ್ತ್ವಾ ಹೇಳಿ ಕೇಳಿದ."

"ನೀ ಎಂತ ಹೇಳ್ದೆ?"

"ಇರ್ತ ಅಂದಿ."

ಆಮೇಲೆ ತುಷಾರನೇ, "ಆನು ನಾಳೆ ಸ್ಟುಡಿಯೋಕ್ಕೆ ಹೋಗ್ತಿಲ್ಲೆ," ಎಂದ.

ಭಟ್ಟರು ಕಾನಸೂರಿನಲ್ಲಿ ಉಪನಯನದ ಅಡುಗೆಗೆ ಹೋಗಿದ್ದರು, ಬುಧವಾರಕ್ಕೆ ಮೊದಲು ಬಿಟ್ಟು ಬರುವಂತಿರಲಿಲ್ಲ. ಗೌರಕ್ಕ ಅಲ್ಲಿಗೇ ಫೋನು ಹಚ್ಚಿದಳು. ಹಿಂದಿನಿಂದ ಕೊಪ್ಪರಿಗೆ ಎಳೆಯುವ ಸದ್ದು ಬರುತ್ತಿತ್ತು.

"ಮಂಗಳವಾರ ಯಾರು ಬತ್ವೇ ಇಂಥದ್ದಕ್ಕೆಲ್ಲ?" ಎಂದರು ಭಟ್ಟರು.

"ಈಗ ವಾರ ಗೀರ ಯಾರು ನೋಡ್ತ. ಕಾಲ ಬದಲಾಜು."

"ಹಂಗಾರೆ ನೀ ಎಂತಕ್ಕೆ ಒಪ್ಪತ್ತು ಮಾಡ್ತೆ?"

"ಅದಕ್ಕೇ ಬತ್ತಾ ಇದ್ದ ಅವು!" ಎಂದಳು ಗೌರಕ್ಕ. "ಎರಡು ವರ್ಷ ಮಾಡಿದ್ದು ಸುಮ್ನೆ ಹೋಗ್ತಾ?"

ಮಂಗಳವಾರ ಬೆಳಿಗ್ಗೆ ಅವಳು ಹೊರಗಿನ ಕಟ್ಟೆಯಿಂದ ಹಿಡಿದು ಬಚ್ಚಲಿನವರೆಗೆ ತೊಳೆದಳು. ಹೆಣ್ಣಿನ ಕಡೆಯವರು ಹುಡುಗನ ಮನೆ ನೋಡಲು ಬಂದರೆ ಕೈಕಾಲು ತೊಳೆಯುವ ನೆಪದಲ್ಲಿ ಬಚ್ಚಲನ್ನು ನೋಡಿಯೇ ನೋಡುತ್ತಾರೆ, ಅವಳಿಗೆ ಗೊತ್ತು. ಅಟ್ಟದಿಂದ ಚಿತ್ತಾರದ ಚಾಪೆ ಇಳಿಯಿತು. ಬಾಳೆಹಣ್ಣು ಹಾಕಿ ತುಪ್ಪ ಸೋರುವ ಹಾಗೆ ಸಿರಾ ಮಾಡಿದಳು, ಇಂಗಿನ ಒಗ್ಗರಣೆ ಹಾಕಿ ಅವಲಕ್ಕಿ ಮಾಡಿದಳು. ಈ ಗಡಿಬಿಡಿಯಲ್ಲಿ ತನ್ನ ಒಂದು ಹೊತ್ತಿನ ಊಟ ಮರೆತೇಹೋಯಿತು. ಕೆಲಸವಿದ್ದ ದಿನ ಬಿಟ್ಟರೆ ಗಡ್ಡಕ್ಕೆ ಕೈ ಹಚ್ಚದ ತುಷಾರ ನುಣ್ಣಗೆ ಬೋಳಿಸಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು, ಪುಸ್ತಕ ಓದುತ್ತಿದ್ದೇನೆಂದು ತೋರಿಸುತ್ತ ಕೂತಿದ್ದ. ಪುಟ ಮಗುಚುತ್ತಿರಲಿಲ್ಲ.

ಊಟದ ಹೊತ್ತು ದಾಟಿದ ಮೇಲೆ ಕಾರು ಬಂತು. ಸೀತಾರಾಮ ಹೆಗಡೆಯವರು, ಅವರ ಹೆಂಡತಿ ಪರಿಮಳಾ, ಇಬ್ಬರೇ. ಮಗಳು ಬಂದಿರಲಿಲ್ಲ. ಬರುವ ಪದ್ಧತಿಯೂ ಇಲ್ಲವಲ್ಲ ಎಂದುಕೊಂಡಳು ಗೌರಕ್ಕ.

"ತಿಮ್ಮಣ್ಣ ಭಟ್ರ ಮನೆ ಎಲ್ಲಿ ಅಂದ್ರೆ ಎಲ್ಲರೂ ತಲೆ ಕೆರಕತ್ತ," ಎನ್ನುತ್ತಲೇ ಒಳಗೆ ಬಂದರು ಹೆಗಡೆಯವರು. ದೊಡ್ಡ ದನಿ, ದೊಡ್ಡ ನಗು. "ಫೋಟೋ ಮಾಣಿ ಮನೆ ಅಂದ್ರೆ ಸಣ್ಣ ಹುಡ್ರೂ ಬೆರಳು ತೋರಿಸ್ತ! ನಮಸ್ಕಾರ, ಅಕ್ಕಾ."

"ಬನ್ನಿ ಬನ್ನಿ. ಆಸ್ರಿಗೆ ಎಂತ ಕೊಡ್ಲಿ? ಮಜ್ಜಿಗೆಯಾ, ಕೋಕಮ್ಮಾ?"

"ಎಂತೂ ಬೇಡ. ನಿಂಗ ಮೊದಲು ಕೂತ್ಕಳಿ," ಎಂದಳು ಪರಿಮಳಾ. ಎನ್ನುತ್ತಲೇ ಕೈಕಾಲು ತೊಳೆದು ಬರುತ್ತೇನೆಂದು ಬಚ್ಚಲಿಗೆ ಹೋದಳು. ಗೌರಕ್ಕನಿಗೆ ಒಳಗೊಳಗೇ ನಗು ಬಂತು. ತೊಳೆದದ್ದು ಒಳ್ಳೆಯದಾಯಿತು.

ಸಿರಾ ಬಂತು, ಅವಲಕ್ಕಿ ಬಂತು. ತುಷಾರ ಬಾಗಿಲ ಹತ್ತಿರ ಗೋಡೆಗೆ ಆತು ನಿಂತ. ಹೆಗಡೆಯವರು ಸಿರಾದ ಎರಡನೇ ತುತ್ತು ನುಂಗಿ, ಗಂಟಲು ಸರಿಮಾಡಿಕೊಂಡರು.

"ನೋಡಿ ಅಕ್ಕಾ, ಆನು ಮುಚ್ಚುಮರೆ ಇಲ್ದೇ ಕೇಳವ. ಒಂದ್ಸಲ ಕೈ ಸುಟ್ಗಂಡು ಆಜು ಯಂಗಕ್ಕೆ. ಮಾಣಿಗೆ ಕುಡಿಯ ಅಭ್ಯಾಸ ಗಿಭ್ಯಾಸ ಎಂತಾರೂ ಇದ್ದಾ?"

ಕೈ ಸುಟ್ಟುಕೊಂಡದ್ದೆಂದರೆ! ಮಾತಾದ ಸಂಬಂಧವೊಂದು ತಪ್ಪಿತೇನೋ. ಪಾಪ ಕೂಸು ಎಂದುಕೊಂಡಳು ಗೌರಕ್ಕ.

"ಚಾ ಒಂದು ಜಾಸ್ತಿ. ಬೇರೆ ಎಂತದೂ ಇಲ್ಲೆ, ದೇವರಾಣೆ."

"ಸಿಟ್ಟು?"

"ಮಾತೇ ಇಲ್ಲೆ ಅವಂಗೆ. ಸಿಟ್ಟು ಎಲ್ಲಿಂದ ಬರವು?"

"ಅದೇ ಬೇಕು! ಯಂಗಳ ಮನೆ ಕೂಸಿಂದು ಬಾಯಿ ಒಂದು ಸ್ವಲ್ಪ ಜೋರು. ಹಂಗೆ ನಿಲ್ಲು, ಹಿಂಗೆ ನಿಲ್ಲು ಅಂದ್ರೆ ಕೇಳ ಜಾತಿ ಅಲ್ಲ. ತಾಳ್ಮೆ ಇಪ್ಪವನೇ ಬೇಕು."

"ಅವಂಗೆ ತಾಳ್ಮೆ ರಾಶಿ ಇದ್ದು," ಎಂದಳು ಗೌರಕ್ಕ.

ಪರಿಮಳಾ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಕೂತಳು. "ಮಡಿ ಎಲ್ಲ ರೂಢಿ ಇದ್ದಲೀ? ಹೋಮದ ಹತ್ರ ಪಂಚೆ ಉಟ್ಗಂಡು ಇರವಾಗ್ತು."

"ಅಡುಗೆ ಭಟ್ಟರ ಮಗ, ಮಡಿ ಗೊತ್ತಿರ್ತಿಲ್ಯಾ?"

"ಅದೇ, ಅದಕ್ಕೇ ಯಂಗಳವನೇ ಆಗಲಿ ಹೇಳಿ. ಯಂಗ ಹಂಗೇ ಬಂದಿದ್ದಲ್ಲ ಅಕ್ಕಾ, ಶಿರಸಿಯಲ್ಲಿ, ಸಿದ್ದಾಪುರದಲ್ಲಿ, ಯಲ್ಲಾಪುರದಲ್ಲಿ ಎಲ್ಲ ವಿಚಾರ್ಸಿದ್ಯ. ಹೋದಲ್ಲೆಲ್ಲ, ಮಾಣಿ ಚೊಲೋ, ಹೇಳಿದ ಹೊತ್ತಿಗೆ ಬತ್ತ, ಹಿರಿಯರಿಗೆ ಮರ್ಯಾದಿ ಕೊಡ್ತ, ಹೆಣ್ಣುಮಕ್ಕಳ ಹತ್ರ ಚಲೋ ನಡ್ಕತ್ತ ಹೇಳೇ ಹೇಳಿದ."

ತನ್ನ ಮಗನ ಬಗ್ಗೆ ಇಷ್ಟು ಮಾತನ್ನು ಯಾರ ಬಾಯಿಂದಲೂ ಗೌರಕ್ಕ ಕೇಳಿರಲಿಲ್ಲ. ಕುಡಿಯುತ್ತಾನೆಯೇ, ಸಿಟ್ಟು ಮಾಡುತ್ತಾನೆಯೇ, ಹೆಣ್ಣುಮಕ್ಕಳ ಹತ್ತಿರ ಹೇಗಿರುತ್ತಾನೆ? ಜಾತಕ ಕಳಿಸಿದ ಒಂದು ಮನೆಯವರೂ ಇಷ್ಟು ವಿಚಾರಿಸಿದ್ದಿಲ್ಲ. ಅಡುಗೆಯವರು, ಫೋಟೋದವನು ಎಂದು ಕೇಳಿ ಮುಗಿಸಿಬಿಡುತ್ತಿದ್ದರು. ಅವಳು ಕಣ್ಣು ಒರೆಸಿಕೊಳ್ಳಬಾರದೆಂದು ಸಿರಾದ ಪಾತ್ರೆ ಎತ್ತಿಕೊಂಡು ಹೆಗಡೆಯವರ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು. ಹಾಕುತ್ತಲೇ, ಇನ್ನು ತಡೆಯಲಾರದೆ ಕೇಳಿದಳು:

"ಹಂಗಾರೆ... ಜಾತಕದ್ದು?"

"ಜಾತಕವಾ? ಓ, ಅದೆಲ್ಲ ಆತು!" ಎಂದಳು ಪರಿಮಳಾ. "ಭಾರೀ ಚೊಲೋ ಕೂಡಿ ಬೈಂದು. ಜೋಯಿಸರೇ ಖುಷಿಯಾದ."

ಗೌರಕ್ಕ ದೇವರ ಕೋಣೆಯ ಕಡೆ ನೋಡಿದಳು. ಎರಡು ವರ್ಷದ ಮಂಗಳವಾರಗಳೆಲ್ಲ ಅವಳ ಮೈಯಿಂದ ಒಮ್ಮೆಲೇ ಇಳಿದುಹೋದ ಹಾಗಾಯಿತು.

ಆಗ ಪರಿಮಳಾ ಚೀಲಕ್ಕೆ ಕೈ ಹಾಕಿ ಅರಿಶಿನ ಹಚ್ಚಿದ ಮದುವೆ ಕಾಗದ ತೆಗೆದಳು. ಒಂದು ಅಡಿಕೆ, ನಾಲ್ಕು ಅಕ್ಷತೆ ಕಾಳು ಅದರ ಮೇಲಿಟ್ಟು, "ಭಟ್ರಿಗೂ ಹೇಳಿ. ನಿಂಗ ಎಲ್ಲರೂ ಬರವು," ಎಂದು ಗೌರಕ್ಕನ ಕೈಗೆ ಕೊಟ್ಟಳು.

ಮೇಲೆ ಗಣಪತಿ. ಕೆಳಗೆ ಚಿ. ಸೌ. ಸಮೃದ್ಧಿ, ಚಿ. ವೈಭವ. ಹುಡುಗ ಸಿದ್ದಾಪುರದ ಕಡೆಯವನು, ಮಂಗಳೂರಿನಲ್ಲಿ ಬ್ಯಾಂಕಿನ ಅಧಿಕಾರಿ. ಗೌರಕ್ಕ ಎರಡು ಸಲ ಓದಿದಳು. ಅಕ್ಷತೆಯ ಒಂದು ಕಾಳು ಜಾರಿ ಚಿತ್ತಾರದ ಚಾಪೆಯ ಮೇಲೆ ಬಿತ್ತು. ತಲೆಯೆತ್ತಿ ನೋಡಿದರೆ ತುಷಾರ ಆಗಲೇ ಗೋಡೆ ಬಿಟ್ಟು ನೆಟ್ಟಗೆ ನಿಂತಿದ್ದ. ಅವನಿಗೆ ಅವಳಿಗಿಂತ ಮುಂಚೆಯೇ ತಿಳಿದಿತ್ತು. ಮದುವೆ ಕಾಗದ ಚೀಲದಿಂದ ಹೊರಬರುವಾಗಲೇ ಬಣ್ಣ ನೋಡಿ ಗೊತ್ತಾಗುವ ಕಸುಬು ಅವನದು.

"ಫೋಟೋಕ್ಕೆ ಹೇಳಲೆ ಬಂದಿದ್ದಾ?" ಎಂದ. ದನಿಯಲ್ಲಿ ಏನೂ ಇರಲಿಲ್ಲ.

"ಮತ್ತೆಂತಕ್ಕೆ! ಹೇಳಿದ್ನಿಲ್ಯಾ ಆನು?" ಹೆಗಡೆಯವರು ತಮ್ಮ ತೊಡೆಗೆ ತಾವೇ ಹೊಡೆದುಕೊಂಡು ನಕ್ಕರು. "ಈ ಕಾಗದ ಹಂಚ ಗಡಿಬಿಡಿಯಲ್ಲಿ ಯಾರಿಗೆ ಎಂತ ಹೇಳಿದ್ದಿ ನೆನಪೇ ಇರ್ತಿಲ್ಲೆ. ಕೇಳು ತಮಾ. ಮೊದಲು ಹುಬ್ಬಳ್ಳಿ ಕಡೆ ಒಂದು ತಂಡಕ್ಕೆ ಹೇಳಿದ್ಯ. ಮಾತಾಡಲೆ ಬಂದವ ಬೂಟು ಹಾಕ್ಯಂಡು ದೇವರ ಕೋಣೆ ಬಾಗಿಲಿಗೇ ಬಂದ. 'ಅಂಕಲ್, ಮದುಮಗಳು ಕಪ್ಪು ಕನ್ನಡಕ ಹಾಕ್ಕೊಂಡು ಕುಣೀತಾ ಮಂಟಪಕ್ಕೆ ಬರ್ಬೇಕ್ರೀ, ನೀವೂ ಹಿಂದಿಂದ ಎರಡು ಹೆಜ್ಜಿ ಹಾಕ್ರೀ' ಅಂದ! ನೀನೇ ಕುಣಿ, ಆನು ತೆಗೀತೆ ಹೇಳಿ ಕಳಿಸಿದಿ."

"ಧಾರೆ ಹೊತ್ತಿಗೆ ಹೋಮ ಕಾಣ್ತಿಲ್ಲೆ, ಪುರೋಹಿತರನ್ನ ಆಚೆ ಸರ್ಸಿ ಅಂದ," ಎಂದು ಪರಿಮಳಾ ಸೇರಿಸಿದಳು. "ಒಂದು ದಿನದ್ದಲ್ಲ ನೋಡು ತಮಾ, ಆಲ್ಬಮ್ಮು ಅಂದ್ರೆ. ಅಳಿಯನ್ನ ಆರಿಸಿದ್ದಕ್ಕಿಂತ ಜಾಸ್ತಿ ತಲೆಬಿಸಿ ಇದಕ್ಕೇ ಆತು ಯಂಗಕ್ಕೆ."

ಗೌರಕ್ಕ ಏನಾದರೂ ಮಾತಾಡಬೇಕೆಂದು, "ಇಷ್ಟು ದೂರ ಯಂಗಳ ಮಾಣಿ ನಿಂಗಕ್ಕೆ ಹೇಂಗೆ ಗೊತ್ತಾದ?" ಎಂದಳು.

"ಅದೇ ದೊಡ್ಡ ಕತೆ." ಪರಿಮಳಾ ಮತ್ತೆ ಚೀಲಕ್ಕೆ ಕೈ ಹಾಕಿದಳು. ತೆಗೆದದ್ದನ್ನು ನೋಡುವ ಮೊದಲೇ ಗೌರಕ್ಕನಿಗೆ ಅದೇನೆಂದು ಗೊತ್ತಾಯಿತು.

ಪಾನಕದ ತಟ್ಟೆ. ತಿರುಗಿದ ಮುಖ. ಆ ನಗು.

"ಎರಡು ವರ್ಷದ ಹಿಂದೆ ಕೂಸಿಗೆ ಜಾತಕ ಬಪ್ಪಲೆ ಶುರುವಾತು ನೋಡಿ. ಒಂದಾ ಎರಡಾ! ಅದರಲ್ಲಿ ಯಾವುದೋ ಒಂದು ಲಕೋಟೆಯಲ್ಲಿ ಇದು ಬಂದಿತ್ತು. ಯಾರು ಕಳಿಸಿದ್ದೋ ಎಂತೋ. ಸ್ಟುಡಿಯೋದಲ್ಲಿ ತೆಗೆಸಿದ್ದು ಒಂದೂ ಇಷ್ಟು ಚೊಲೋ ಬಂದಿರಲಿಲ್ಲೆ. ಇದನ್ನೇ ಇಟ್ಗಂಡ್ಯ. ಗಂಡಿನ ಕಡೆಯವಕ್ಕೆ ಇದನ್ನೇ ಕಳಿಸಿದ್ಯ. ವೈಭವ ಇದೊಂದು ಫೋಟೋ ನೋಡೇ ಹೂಂ ಅಂದಿದ್ದು. ಅವನ ಆಯಿ ಹೇಳ್ತು, ಮಾಣಿ ದಿನಾ ಮೊಬೈಲಿನಲ್ಲಿ ಇದನ್ನೇ ನೋಡ್ತಾ ಕೂತಿರ್ತ ಹೇಳಿ." ಅವಳು ಫೋಟೋ ತಿರುಗಿಸಿ ತೋರಿಸಿದಳು. ಹಿಂದೆ ತುಷಾರನ ಸ್ಟುಡಿಯೋದ ನೀಲಿ ಮುದ್ರೆ ಇತ್ತು. "ಹುಬ್ಬಳ್ಳಿಯವ ಬೇಡ ಅಂದ ಮೇಲೆ ಇದರ ಹಿಂದೆ ನೋಡಿದಿ. ಇವನೇ ಯಾಕಾಗಲಾಗ ಅಂದಿ."

ತುಷಾರ ಫೋಟೋ ನೋಡಲಿಲ್ಲ. ತಾಯಿಯನ್ನು ನೋಡಿದ. ಗೌರಕ್ಕ ನೆಲ ನೋಡಿದಳು.

"ಆ ಜಾತಕ... ಅದರ ಸಂಗ್ತಿಗೆ ಬಂದಿದ್ದು. ಅದನ್ನ ಜೋಯಿಸ್ರಿಗೆ ತೋರ್ಸಿದ್ರಾ?" ಎಂದು ಕೇಳಿದಳು.

ಪರಿಮಳಾ ಆಶ್ಚರ್ಯದಿಂದ ನೋಡಿದಳು. "ಅಷ್ಟೆಲ್ಲ ತೋರಿಸಲೆ ಹೋದ್ರೆ ಜೋಯಿಸ್ರು ಊರು ಬಿಟ್ಟು ಓಡ್ತಿದ್ದ ಅಕ್ಕಾ. ಯಂಗಕ್ಕೆ ಆಗದ್ದು ಅಂದ್ರೆ ಜಾತಕದ ಮಡಿಕೆ ಬಿಚ್ಚಿ ಸಮೇತ ನೋಡಿದ್ದಿಲ್ಲೆ. ಕೂಡಿ ಬತ್ತಿಲ್ಲೆ ಹೇಳಿ ವಾಪಸ್ ಕಳಿಸುದು. ಬೇರೆಯವರ ಮನಸ್ಸಿಗೆ ಬೇಜಾರಪ್ಪಲಾಗ ನೋಡಿ. ನಿಂಗಕ್ಕೆ ಗೊತ್ತಿಲ್ದಿದ್ದಾ ಇದೆಲ್ಲ?"

"ಗೊತ್ತಿದ್ದು," ಎಂದಳು ಗೌರಕ್ಕ.

ಹೆಗಡೆಯವರು ತಟ್ಟೆ ಕೆಳಗಿಟ್ಟು ಕವಳದ ಹರಿವಾಣ ಎಳೆದುಕೊಂಡರು. "ಹಂಗಾರೆ ಬತ್ಯಲಾ ತಮಾ? ಮತ್ತೆ, ಈ ಫೋಟೋ ಇದ್ದಲಾ, ಇದನ್ನೇ ಆಳೆತ್ತರ ದೊಡ್ಡ ಮಾಡಿ ಕೊಡವು. ಛತ್ರದ ಬಾಗಿಲಲ್ಲಿ ನಿಲ್ಲಿಸ್ತ್ಯ. ಬಂದವಕ್ಕೆಲ್ಲ ಮೊದಲು ಇದೇ ಕಾಣವು."

ಎಲ್ಲರೂ ತುಷಾರನ ಕಡೆ ನೋಡಿದರು. ಬತ್ನಿಲ್ಲೆ ಹೇಳು, ಬೇರೆ ಕಡೆ ಒಪ್ಕಂಡು ಆಜು ಹೇಳು ಎಂದು ಗೌರಕ್ಕನ ಮನಸ್ಸು ಕೂಗುತ್ತಿತ್ತು. ತುಷಾರ ಕಾಗದ ತೆಗೆದುಕೊಂಡು ಮುಹೂರ್ತ ನೋಡಿದ.

"ಛತ್ರದ ಒಳಗೆ ಹೋಮದ ಹೊಗೆ ನಿಲ್ತು. ಎರಡು ಲೈಟು ಜಾಸ್ತಿ ತರವಾಗ್ತು," ಎಂದ.

"ತಗಂಡು ಬಾ! ಇದೇ ನೋಡು ಬೇಕಾಗಿದ್ದು," ಎಂದು ಹೆಗಡೆಯವರು ಎದ್ದರು.

ಮೆಟ್ಟಿಲಿಳಿಯುವಾಗ ಅವರಿಗೆ ಏನೋ ನೆನಪಾಯಿತು. "ಅಕ್ಕಾ, ಮಾಣಿಗೆ ಮದುವೆ ಆಜಿಲ್ಯಾ ಇನ್ನೂ? ಎಂತಕ್ಕೆ ತಡ ಮಾಡ್ತ್ರಿ? ಇಂಥ ಮಾಣಿ ಹುಡುಕಿದ್ರೂ ಸಿಕ್ತ್ನಿಲ್ಲೆ."

"ಹೌದು ಹೌದು," ಎಂದಳು ಪರಿಮಳಾ. "ಒಂದು ಜಾತಕ ಕೊಟ್ಟಿರಿ. ಎಲ್ಲಾರೂ ಕೂಸಿದ್ರೆ ಹೇಳ್ತ್ಯ."

ಗೌರಕ್ಕನ ನಾಲಿಗೆಯ ತುದಿಗೆ ಒಂದು ಮಾತು ಬಂದಿತ್ತು. ಅದನ್ನು ಹೇಳಿದ್ದರೆ ಆ ಇಬ್ಬರ ಮುಖ ಹೇಗಾಗುತ್ತಿತ್ತು ಎಂದು ಆಮೇಲೆ ಬಹಳ ಸಲ ಅವಳು ಯೋಚಿಸಿದಳು. ಆಗ ಮಾತ್ರ, "ಜಾತಕ ಅವರ ಹತ್ರ ಇದ್ದು. ಕಾನಸೂರಿಗೆ ಹೋಯ್ದ," ಎಂದಳು. ಹೆಗಡೆಯವರು ಸಿರಾವನ್ನು ಇನ್ನೊಂದು ಸಲ ಹೊಗಳಿ ಕಾರು ಹತ್ತಿದರು. ಕಾರು ಸಹಸ್ರಲಿಂಗದ ರಸ್ತೆ ಹಿಡಿದು ಹೋಯಿತು. ಅಲ್ಲಿ ಇನ್ನೂ ನಾಲ್ಕು ಮನೆಗೆ ಕಾಗದ ಕೊಡುವುದಿತ್ತಂತೆ.

ಒಳಗೆ ಬಂದರೆ ತುಷಾರ ಚಾಪೆ ಸುತ್ತುತ್ತಿದ್ದ.

"ಆನು ಬ್ಯಾಟರಿ ಕೆಳಗೆ ಇಟ್ಟಿದ್ದಿ ಅದನ್ನ," ಎಂದ, ತಿರುಗದೆ.

"ಹೂಂ. ಆನೇ ತೆಗೆದಿದ್ದಿ."

ಅವನು ಚಾಪೆಯನ್ನು ಅಟ್ಟಕ್ಕೆ ಏರಿಸಿ ಬಂದ. ಅವಳು ತಟ್ಟೆ ತೆಗೆಯುತ್ತ, "ಹೋಗಡ ತಮಾ. ಜ್ವರ ಬೈಂದು ಹೇಳು. ಯಾರನ್ನಾರೂ ಕಳಿಸು. ಎಂತಕ್ಕೆ ಒಪ್ಕಂಡೆ?" ಎಂದಳು.

"ಮತ್ತೆ ಎಂತ ಹೇಳಿ ಬತ್ನಿಲ್ಲೆ ಹೇಳುದು? ಜಾತಕ ಕೂಡಿ ಬತ್ತಿಲ್ಲೆ ಹೇಳವಾಗಿತ್ತಾ?"

ಗೌರಕ್ಕನಿಗೆ ತಡೆಯಲಾಗದೆ ನಗು ಬಂತು. ಅವನಿಗೂ ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಲಾಗದೆ, ಅವಳು ಪಾತ್ರೆ ತೊಳೆಯಲು ಹೋದಳು, ಅವನು ಕಂಪ್ಯೂಟರು ಹಚ್ಚಿದ.

ಪಾತ್ರೆ ತಿಕ್ಕುವಾಗ ಅವಳಿಗೆ ಒಂದೇ ಯೋಚನೆ. ಕುಜನದೇನೂ ತಪ್ಪಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಕುಜನನ್ನಾದರೆ ಹಾಲು ಕುಡಿದುಕೊಂಡು, ದೀಪ ಹಚ್ಚಿಕೊಂಡು ಒಲಿಸಬಹುದಿತ್ತು. ಎರಡು ವರ್ಷಕ್ಕೆ ಆಗದಿದ್ದರೆ ನಾಲ್ಕು ವರ್ಷ. ಬಿಚ್ಚಿಯೇ ನೋಡದೆ ವಾಪಸ್ ಕಳಿಸಿದವರಿಗೆ ಏನು ಮಾಡುವುದು? ಅವರೇನು ಕೆಟ್ಟವರೂ ಅಲ್ಲ. ಎಷ್ಟು ಪ್ರೀತಿಯಿಂದ ಮಾತಾಡಿ ಹೋದರು. ಫೋಟೋಕ್ಕೆ ಇವನೇ ಬೇಕು ಎಂದು ಮೂರು ತಾಲೂಕು ಸುತ್ತಿ ವಿಚಾರಿಸಿದರು. ಮದುವೆಗೆ ಇವನು ಆದಾನೇ ಎಂದು ಜಾತಕದ ಮಡಿಕೆ ಬಿಡಿಸಲಿಲ್ಲ, ಅಷ್ಟೆ.

ಸಂಜೆ ದೀಪ ಹಚ್ಚಿದ ಮೇಲೆ ಅವಳು ಎರಡು ತಟ್ಟೆ ಇಟ್ಟಳು. ತುಷಾರನಿಗೆ ಬಡಿಸಿ, ತನಗೂ ಅನ್ನ ಹಾಕಿಕೊಂಡು ಸಾರು ಕಲಸಿದಳು.

"ಆಯಿ, ಇವತ್ತು ಮಂಗಳವಾರ."

"ಗೊತ್ತಿದ್ದು. ಹಶಿವಾಜು."

ಗೌರಕ್ಕ ತಲೆ ಬಗ್ಗಿಸಿ ಉಂಡಳು. ಇನ್ನೊಂದು ಸಲ ಹಾಕಿಕೊಂಡು ಉಂಡಳು. ಉಳಿದ ಸಿರಾವನ್ನು ದನಕ್ಕೆ ಹಾಕಿದಳು.

ಊಟವಾದ ಮೇಲೆ ತುಷಾರ ಬೇರೆ ಒಂದು ಮದುವೆಯ ಫೋಟೋ ತೆರೆದು ಕೂತ. ಸಮೃದ್ಧಿಯ ಚಿತ್ರವನ್ನು ಅಷ್ಟರಲ್ಲೇ ಆಳೆತ್ತರಕ್ಕೆ ಸರಿಮಾಡಿ ಇಟ್ಟಾಗಿತ್ತು. ಗೌರಕ್ಕ ರೂಢಿಯ ಹಾಗೆ ಸ್ಟೂಲು ಎಳೆದುಕೊಂಡಳು. ಮಡಿಲಲ್ಲಿ ಹೂವಿರಲಿಲ್ಲ. ಮದುಮಕ್ಕಳು ಬಂದರು, ಹೋದರು. ಊಟದ ಪಂಕ್ತಿ ಬಂತು. ಹುಡುಗಿಯರ ಗುಂಪೊಂದು ಬಂತು. ಹಿಂದಿನ ಸಾಲಿನಲ್ಲಿ, ಕಂಬಕ್ಕೆ ಆತು ಹಸಿರು ಸೀರೆಯವಳೊಬ್ಬಳು ನಿಂತಿದ್ದಳು. ಕೊರಳು ಬರಿದಾಗಿತ್ತು.

ತುಷಾರನ ಕೈ ಮೌಸಿನ ಮೇಲೆ ನಿಂತಿತು. ಅವನು ಕಾದ. ತಾಯಿಗೋಸ್ಕರ ಕಾದ ಎಂದು ಅವಳಿಗೆ ತಿಳಿಯಿತು.

"ಮುಂದಿಂದು ತೋರ್ಸು," ಎಂದಳು ಗೌರಕ್ಕ.